ಬನ್ನಿ ಬನ್ನಿ, ಚಪ್ಪಲಿ ಹೊರಗೆ ಬಿಡಿ, ನೀವೂ ಅಲ್ಲೇ ಇರಿ

ಜಪಾನನ್ನು ಅರೆದು ಕುಡಿದವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಅವರ ಪೈಕಿ ಯಾರೂ ಜಪಾನಿಗೆ ಹೋಗಿಲ್ಲ ಎನ್ನುವುದು ಬೇರೆ ಮಾತು. ವಿಶ್ವಕಪ್ ಪಂದ್ಯ ಮುಗಿದ ಮೇಲೆ ಕ್ರೀಡಾಂಗಣ ಗುಡಿಸುವ ಜಪಾನಿ ಅಭಿಮಾನಿಗಳು, ತರಗತಿಯ ನೆಲ ಒರೆಸುವ ಪುಟಾಣಿಗಳು, ಬೇಗ ಹೊರಟಿದ್ದಕ್ಕೆ ಕ್ಷಮೆ ಕೇಳುವ ರೈಲು ಕಂಪನಿ, ಎಲ್ಲವೂ ಸುಪ್ರಭಾತದ ಜತೆಗೇ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತವೆ. ಕಳಿಸಿದ ಮಾವನವರು ಅಷ್ಟು ಹೊತ್ತಿಗೆ ಮನೆಯ ಕಸದ ಕವರನ್ನು ಪಕ್ಕದ ಖಾಲಿ ಸೈಟಿಗೆ ಎಸೆದು, ಕೈ ತೊಳೆದುಕೊಂಡು, 'ನಮ್ಮ ಜನ ಇದನ್ನೆಲ್ಲ ಯಾವಾಗ ಕಲೀತಾರೋ' ಎಂದು ಟೈಪ್ ಮಾಡುತ್ತಿರುತ್ತಾರೆ.

ಈ ಭಕ್ತಿಗೆ ನಮ್ಮಲ್ಲಿ ಇತಿಹಾಸವೂ ಇದೆ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ, ಆ ದೇಶ ಹೇಗೆ ಮೇಲೆದ್ದಿತು ಎಂದು ಕಣ್ಣಾರೆ ಕಂಡು ಬಂದರು. ಫುಕುವೋಕ ಎಂಬ ಜಪಾನಿ ರೈತನ ವಿಚಾರಗಳನ್ನು ತೇಜಸ್ವಿ ತಮ್ಮ 'ಸಹಜ ಕೃಷಿ'ಯ ಮೂಲಕ ನಮ್ಮ ತೋಟಗಳಿಗೆ ತಂದರು. ಒಬ್ಬರು ನೋಡಿ ಬಂದು ಕಟ್ಟಿದರು, ಇನ್ನೊಬ್ಬರು ಓದಿ ಬರೆದರು, ಉಳಿದ ನಾವು ಫಾರ್ವರ್ಡ್ ಮಾಡಿದೆವು.

ಕ್ಯೋಟೋದಲ್ಲಿ ವಿನಿಮಯ ವಿದ್ಯಾರ್ಥಿಯಾಗಿ ಓದುತ್ತಿರುವ ನನಗೆ ಊರಿನಿಂದ ಬರುವ ಪ್ರಶ್ನೆ ಒಂದೇ: 'ಅಲ್ಲಿ ಸ್ವರ್ಗವಂತೆ, ಹೌದಾ?' ಹೌದು, ಸಂಶಯವೇ ಬೇಡ. ತ್ರಿಶಂಕುವೂ ಸ್ವರ್ಗದ ಬಾಗಿಲ ತನಕ ಹೋದವನೇ. ಅವನನ್ನು ಇಂದ್ರ ತಲೆಕೆಳಗಾಗಿ ದಬ್ಬಿದ. ಇಲ್ಲಿ ಹಾಗೆಲ್ಲ ದಬ್ಬುವುದಿಲ್ಲ. ಸೊಂಟ ಬಗ್ಗಿಸಿ ನಮಸ್ಕರಿಸಿ, ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸುತ್ತಾರೆ.

ವಿಮಾನ ಇಳಿದ ಕೂಡಲೇ ನಿಲ್ದಾಣದಲ್ಲೇ ಒಂದು ಕಾರ್ಡು ಕೈಗಿಡುತ್ತಾರೆ. ನಿವಾಸ ಕಾರ್ಡು. ನಡುರಾತ್ರಿ ಪೈಜಾಮದಲ್ಲಿ ಹಾಲು ತರಲು ಹೋದರೂ ಅದು ಜೇಬಿನಲ್ಲಿರಬೇಕು. ಇಲ್ಲದಿದ್ದರೆ 2 ಲಕ್ಷ ಯೆನ್ ತನಕ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಅದೇ ಕಚೇರಿಯಲ್ಲಿ ಆರೋಗ್ಯ ವಿಮೆಗೆ ಸೇರಿಸಿಕೊಳ್ಳುತ್ತಾರೆ. ಆಸ್ಪತ್ರೆ ಖರ್ಚಿನಲ್ಲಿ ಶೇ 30 ನಮ್ಮದು, ಉಳಿದದ್ದು ವಿಮೆಯದು. ಕೈ ಎತ್ತಿ ಮುಗಿಯಬೇಕಾದ ವ್ಯವಸ್ಥೆ. ಮುಗಿದ ಕೈ ಇಳಿಸುವಷ್ಟರಲ್ಲಿ ಪಕ್ಕದ ಕೌಂಟರಿನವರು ಪಿಂಚಣಿಗೂ ಕರೆಯುತ್ತಾರೆ. ಇಪ್ಪತ್ತು ತುಂಬಿದ, ಅರವತ್ತಾಗದ ಯಾರೇ ಆಗಲಿ, ಜಪಾನಿನಲ್ಲಿ ವಾಸವಿದ್ದರೆ ರಾಷ್ಟ್ರೀಯ ಪಿಂಚಣಿಗೆ ಸೇರಲೇಬೇಕು. ಪಿಂಚಣಿ ಕೈಗೆ ಬರುವುದು 65ಕ್ಕೆ, ಅದೂ ಕನಿಷ್ಠ ಹತ್ತು ವರ್ಷದ ಲೆಕ್ಕ ತುಂಬಿದ್ದರೆ. ಎರಡು ಸೆಮಿಸ್ಟರ್ ಓದಿ ಊರಿಗೆ ಮರಳುವ ಹುಡುಗನ ಮುಪ್ಪಿನ ಬಗ್ಗೆ ಇಷ್ಟು ಕಾಳಜಿಯನ್ನು ಅವನ ಹೆತ್ತವರೂ ತೋರಿಸಿರುವುದಿಲ್ಲ. ವಿದ್ಯಾರ್ಥಿಗಳಿಗೆ ಕಂತಿನಿಂದ ವಿನಾಯಿತಿ ಇದೆ, ಗಾಬರಿ ಬೇಡ. ವಿನಾಯಿತಿಗೆ ಇನ್ನೊಂದು ಅರ್ಜಿ ಇದೆ.

ಅರ್ಜಿ ಎಂದಾಗ ಹೆಸರಿನ ಕಥೆ ಹೇಳಲೇಬೇಕು. ನನ್ನ ಪಾಸ್‌ಪೋರ್ಟಿನಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾನು. ಕನ್ನಡಿಗರ ಇನಿಷಿಯಲ್ಲುಗಳನ್ನು ಬಿಡಿಸಿ ಬರೆದರೆ ಒಂದು ವಂಶವೃಕ್ಷ, ಒಂದು ತಾಲ್ಲೂಕು ಹೊರಬರುತ್ತವೆ. ಜಪಾನಿನ ಬ್ಯಾಂಕಿನ ಅರ್ಜಿಯಲ್ಲಾದರೋ ಹೆಸರಿಗೆ ಒಂದು ಸಾಲು, ಅದರಲ್ಲಿ ಲೆಕ್ಕದ ಚೌಕಗಳು. ಕೌಂಟರಿನ ಹುಡುಗಿ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, ಪೆನ್ಸಿಲ್ ತುದಿಯಲ್ಲಿ ಚೌಕ ಎಣಿಸತೊಡಗಿದಳು. ಚೌಕ ಮುಗಿದವು, ನಾನಿನ್ನೂ ಅಪ್ಪನ ಹೆಸರಿನ ನಡುವೆ ಇದ್ದೆ. 'ದಯವಿಟ್ಟು ಒಂದು ಕ್ಷಣ' ಎಂದು ಒಳಗೆ ಓಡಿ ಮೇಲಧಿಕಾರಿಯನ್ನು ಕರೆತಂದಳು. ಅವರೂ ಎಣಿಸಿದರು. ಮೂರನೆಯವರು ಬರುವಾಗ ಒಂದು ಅಡಿಪಟ್ಟಿಯನ್ನೇ ತಂದರು. ಮೂವರೂ ಸೇರಿ ನನಗೆ ಕ್ಷಮೆ ಕೇಳಿ, ನನ್ನ ಹೆಸರನ್ನು ಕೈಬಿಟ್ಟು ಊರನ್ನು ಉಳಿಸಿಕೊಂಡರು. ಈಗ ಬ್ಯಾಂಕಿನಲ್ಲಿ ಗೌರವದಿಂದ 'ಹೊರೆನರಸೀಪುರ-ಸಾಮಾ' ಎಂದು ಕೂಗಿದಾಗಲೆಲ್ಲ ಇಡೀ ತಾಲ್ಲೂಕಿನ ಪರವಾಗಿ ನಾನೊಬ್ಬ ಎದ್ದು ಹೋಗುತ್ತೇನೆ.

ಅಲ್ಲಿಗೆ ಖಾತೆ ಆಯಿತೆಂದುಕೊಳ್ಳಬೇಡಿ. ಖಾತೆ ತೆರೆಯಲು ಫೋನ್ ನಂಬರ್ ಬೇಕು. ಫೋನ್ ಕೊಡುವವನಿಗೆ ತಿಂಗಳ ಹಣ ಕಡಿತವಾಗಲು ಖಾತೆ ಬೇಕು. ಎರಡಕ್ಕೂ ವಿಳಾಸ ಬೇಕು. ಮನೆ ಬಾಡಿಗೆಗೆ ಕೊಡುವವನಿಗೆ ಫೋನೂ ಬೇಕು, ಖಾತೆಯೂ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಯಾವುದೋ ಜನ್ಮದಲ್ಲಿ ಜಪಾನಿನಲ್ಲಿ ಓದಿರಬೇಕು. ಹಲವು ಬ್ಯಾಂಕುಗಳು 'ಜಪಾನಿಗೆ ಬಂದು ಆರು ತಿಂಗಳಾದ ಮೇಲೆ ದಯಮಾಡಿಸಿ' ಎನ್ನುತ್ತವೆ. ಒಂದೇ ಸೆಮಿಸ್ಟರಿಗೆ ಬಂದವನು ಖಾತೆ ತೆರೆಯುವ ಯೋಗ್ಯತೆ ಸಂಪಾದಿಸುವ ದಿನ ವಿಮಾನ ಹತ್ತುತ್ತಾನೆ.

ರೋಬಾಟುಗಳ ದೇಶ ಎಂದು ನಂಬಿ ಬಂದವರಿಗೆ ಮೊದಲು ಎದುರಾಗುವುದು ರಬ್ಬರ್ ಸ್ಟಾಂಪು. ಹೆಸರಿನ ಮುದ್ರೆ ಒತ್ತದೆ ಯಾವ ಕಾಗದವೂ ಕದಲುವುದಿಲ್ಲ ಎಂಬ ಸ್ಥಿತಿಯನ್ನು ಬದಲಿಸಲು 2020ರಲ್ಲಿ ತಾರೊ ಕೊನೊ ಎಂಬ ಸಚಿವರು ಪಣ ತೊಟ್ಟರು. ಅವರೇ ಮುಂದೆ ಡಿಜಿಟಲ್ ಸಚಿವರಾಗಿ ಫ್ಲಾಪಿ ಡಿಸ್ಕಿನ ಮೇಲೆ ಯುದ್ಧ ಸಾರಿದರು. ಸರ್ಕಾರಕ್ಕೆ ಫ್ಲಾಪಿಯಲ್ಲೇ ದಾಖಲೆ ಸಲ್ಲಿಸಬೇಕೆಂಬ ಸಾವಿರಕ್ಕೂ ಹೆಚ್ಚು ನಿಯಮಗಳು ರದ್ದಾಗಿ ಯುದ್ಧ ಗೆದ್ದದ್ದು 2024ರಲ್ಲಿ. ಫ್ಲಾಪಿ ಎಂದರೇನೆಂದು ಗೊತ್ತಿಲ್ಲದ ಓದುಗರು ಮನೆಯ ಹಿರಿಯರನ್ನು ಕೇಳಿ.

ಇನ್ನು ಮನೆ. ಹಾಸ್ಟೆಲ್ ಸಿಕ್ಕವರು ಪುಣ್ಯವಂತರು. ಸಿಗದವರು ದಲ್ಲಾಳಿಯ ಅಂಗಡಿಗೆ ಹೋಗಬೇಕು. ಆತ ನಗುನಗುತ್ತಾ ಚಹಾ ಕೊಡುತ್ತಾನೆ. ಆರು ಚಾಪೆ ಹಿಡಿಸುವ ಕೋಣೆಗಳ ನಕ್ಷೆಗಳನ್ನು ಮೇಜಿನ ಮೇಲೆ ಹರಡುತ್ತಾನೆ. ಮನೆಯ ಮಾಲೀಕರಿಗೆ ಫೋನ್ ಮಾಡುತ್ತಾನೆ. 'ಬಾಡಿಗೆಗೆ ಬರುವವರು ವಿದೇಶಿಯರು' ಎಂದ ಮೇಲೆ ಎರಡು ನಿಮಿಷ 'ಹೌದು... ಹೌದು... ಅರ್ಥವಾಯಿತು' ಎಂದು ಫೋನಿಗೇ ತಲೆ ಬಾಗಿಸುತ್ತಾನೆ. ಆಮೇಲೆ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, 'ಸ್ವಲ್ಪ ಕಷ್ಟ...' ಎಂದು ವಾಕ್ಯವನ್ನು ಅರ್ಧಕ್ಕೆ ಬಿಡುತ್ತಾನೆ. ಉಳಿದರ್ಧ ನಮಗೆ ಹೋಂವರ್ಕ್. 2017ರಲ್ಲಿ ಜಪಾನಿನ ನ್ಯಾಯ ಸಚಿವಾಲಯವೇ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಬಾಡಿಗೆ ಮನೆ ಹುಡುಕಿದ ವಿದೇಶಿಯರಲ್ಲಿ ಸುಮಾರು ಶೇ 39 ಮಂದಿಗೆ ವಿದೇಶಿಯರೆಂಬ ಕಾರಣಕ್ಕೇ ಮನೆ ಸಿಕ್ಕಿರಲಿಲ್ಲ. ಮನೆ ಕೊಡಲೊಪ್ಪಿದ ಪುಣ್ಯಾತ್ಮರಲ್ಲಿ ಕೆಲವರಿಗೆ ಡಿಪಾಜಿಟ್ಟಿನ ಮೇಲೆ ಒಂದು ತಿಂಗಳ ಬಾಡಿಗೆಯಷ್ಟು 'ಕೃತಜ್ಞತೆಯ ಹಣ'ವನ್ನೂ ಕೊಡಬೇಕು. ಅದು ಹಿಂದಿರುಗುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಖರ್ಚಿನ ಹೆಸರಲ್ಲಿ ಅರ್ಧಕ್ಕೆ ತೃಪ್ತರಾದವರು ಇದಕ್ಕೆಲ್ಲ ಬೆಚ್ಚಬೇಕಾಗಿಲ್ಲ. ಜಪಾನಿಗಳು ಮುಳುಗಿಸುವುದನ್ನು ಮೊದಲೇ ಹೇಳಿ ಮುಳುಗಿಸುತ್ತಾರೆ, ಅಷ್ಟೆ.

ಮನೆ ಸೇರಿದ ಮೇಲೆ ಅಸಲಿ ವಿದ್ಯಾಭ್ಯಾಸ ಶುರು. ಅದರ ಹೆಸರು ಕಸ. ಕ್ಯೋಟೋದಲ್ಲಿ ಸುಡುವ ಕಸಕ್ಕೆ ನಗರಸಭೆಯ ಹಳದಿ ಚೀಲ, ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಡಬ್ಬ, ಬಾಟಲಿಗೆ ಪಾರದರ್ಶಕ ಚೀಲ, ಪ್ಲಾಸ್ಟಿಕ್ಕಿಗೆ ಬೇರೆ, ಹಳೆಯ ಪೇಪರಿಗೆ ಬೇರೆ, ಒಂದೊಂದಕ್ಕೂ ವಾರ ಬೇರೆ. ಬೆಳಗ್ಗೆ ಎಂಟರೊಳಗೆ, ಕಾಗೆ ಕೆದಕದಂತೆ ಹೊದಿಸುವ ಬಲೆಯ ಕೆಳಗೆ ಇಟ್ಟು ಬರಬೇಕು. ನೀರು ಕುಡಿದ ಬಾಟಲಿ ಒಂದಲ್ಲ, ಮೂರು: ಮುಚ್ಚಳ ಒಂದು ಕಡೆ, ಸುತ್ತಿದ ಲೇಬಲ್ ಇನ್ನೊಂದು ಕಡೆ, ತೊಳೆದ ಬಾಟಲಿ ಮತ್ತೊಂದು ಕಡೆ. ಇದು ಸುಲಭದ ಊರು. ತೊಕುಶಿಮಾ ಪ್ರಾಂತ್ಯದ ಕಾಮಿಕಾತ್ಸು ಎಂಬ ಪುಟ್ಟ ಊರು 2003ರಲ್ಲಿ ಶೂನ್ಯ ಕಸದ ಪ್ರತಿಜ್ಞೆ ಮಾಡಿ, ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತದೆ. ಅಲ್ಲಿ ವಿನಿಮಯ ವಿದ್ಯಾರ್ಥಿಯಾದರೆ ಸ್ನಾತಕೋತ್ತರ ಪದವಿ ಅದರಲ್ಲೇ ಸಿಗಬಹುದು.

ನಮ್ಮ ಹಾಸ್ಟೆಲಿನಲ್ಲಿ ಈ ಪರೀಕ್ಷೆಯಲ್ಲಿ ಮೊದಲು ಫೇಲಾದವನು ಜರ್ಮನಿಯ ಹುಡುಗ. ಕಸ ವಿಂಗಡಣೆಯಲ್ಲಿ ತನ್ನ ದೇಶ ಜಗತ್ತಿಗೇ ಗುರು ಎಂದು ಹೇಳಿಕೊಂಡು ತಿರುಗುತ್ತಿದ್ದ. ಒಂದು ಬೆಳಗ್ಗೆ ರಸ್ತೆಯಲ್ಲಿದ್ದ ಅಷ್ಟೂ ಚೀಲಗಳನ್ನು ಲಾರಿ ಒಯ್ದು, ಅವನದೊಂದನ್ನು ಮಾತ್ರ ಸ್ಟಿಕ್ಕರ್ ಹಚ್ಚಿ ಅಲ್ಲೇ ಬಿಟ್ಟಿತ್ತು. ಒಳಗೆ ಮೊಸರಿನ ಕಪ್ಪು, ತೊಳೆದಿರಲಿಲ್ಲ. ಎದುರುಮನೆಯ ಅಜ್ಜಿ ಆ ಚೀಲದ ಪಕ್ಕ ನೀರು ಚಿಮುಕಿಸಿ ಗುಡಿಸುತ್ತಾ, ಅವನನ್ನು ಕಂಡು ನಗುತ್ತಾ, 'ಬೆಳಗ್ಗೆ ಬೆಳಗ್ಗೆ ಎಷ್ಟು ಶ್ರಮ ಪಡುತ್ತೀರಿ' ಎಂದರು. ಒಂದು ಬೈಗುಳವಿಲ್ಲ, ದನಿ ಏರಲಿಲ್ಲ. ಆ ಹುಡುಗ ಆ ವಾರ ಪೂರ್ತಿ ಹಿಂದಿನ ಗೇಟಿನಿಂದ ಓಡಾಡಿದ. ನಮ್ಮಲ್ಲಾದರೆ ಪೌರಕಾರ್ಮಿಕ ಮಹಿಳೆ 'ಏನ್ರೀ, ಓದಿದೋರಂತೀರಾ, ಹಸಿ ಕಸ ಒಣ ಕಸ ಗೊತ್ತಾಗಲ್ವಾ' ಎಂದು ಬೀದಿಗೆ ಕೇಳುವ ಹಾಗೆ ಹೇಳಿ ಮುಗಿಸುತ್ತಿದ್ದಳು. ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅದು ಇನ್ನೊಂದು ವಿಷಯ.

ಕ್ಯೋಟೋದವರ ಈ ನಯ ಜಪಾನಿನಲ್ಲೇ ಹೆಸರುವಾಸಿ. ಮನೆಗೆ ಬಂದವರು ಏಳದೇ ಕೂತಿದ್ದರೆ 'ಚಹಾ ಹಾಕಿದ ಅನ್ನ ಕೊಡಲೇ?' ಎಂದು ಕೇಳುತ್ತಾರಂತೆ. ಹಾಗೆಂದರೆ ಎದ್ದು ಹೋಗಿ ಎಂದು. 'ನಿಮ್ಮ ಮಗಳು ಪಿಯಾನೊ ಎಷ್ಟು ಚೆನ್ನಾಗಿ ಕಲಿತಿದ್ದಾಳೆ' ಎಂದರೆ ಸದ್ದು ನಿಲ್ಲಿಸಿ ಎಂದು. ಯುರೋಪಿನ ಗೆಳೆಯರು ಇದನ್ನು ಪೂರ್ವದೇಶದ ನಿಗೂಢ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ನನಗೆ ಮಾತ್ರ ಮೊದಲ ದಿನದಿಂದಲೇ ತವರಿಗೆ ಬಂದಷ್ಟು ಖುಷಿ. 'ಕಾಫಿ ಕುಡಿದೇ ಬಂದಿರ್ತೀರಿ, ಅಲ್ವಾ?' ಎಂದು ಸ್ವಾಗತಿಸುವ, ಹೊರಟವರು ಚಪ್ಪಲಿ ಮೆಟ್ಟಿದ ಮೇಲೆ 'ಅಯ್ಯೋ, ಊಟ ಮಾಡ್ಕೊಂಡು ಹೋಗ್ಬಹುದಿತ್ತು' ಎಂದು ಬೀಳ್ಕೊಡುವ ಹಳೇ ಮೈಸೂರಿನ ಸತ್ಕಾರದಲ್ಲಿ ಬೆಳೆದವರಿಗೆ ಕ್ಯೋಟೋ ಏನು ಮಹಾ?

ಆದರೆ ಒಗ್ಗರಣೆಯ ವಿಷಯದಲ್ಲಿ ಈ ನೆಂಟಸ್ತಿಕೆ ಕೆಲಸಕ್ಕೆ ಬರಲಿಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ಎಣ್ಣೆ ಕಾದು, ಸಾಸಿವೆ ಚಟಪಟ ಎಂದು, ಒಣಮೆಣಸಿನಕಾಯಿ ಬಿದ್ದು ಘಾಟು ಎದ್ದದ್ದೇ ತಡ, ಮೂರು ಮಹಡಿಯ ಬಾಗಿಲುಗಳು ಸದ್ದಿಲ್ಲದೆ ಒಂದೊಂದಾಗಿ ಮುಚ್ಚಿಕೊಂಡವು. ಮರುದಿನ ನೋಟಿಸ್ ಬೋರ್ಡಿನಲ್ಲಿ ಮುದ್ದಾದ ಮೊಲದ ಚಿತ್ರ. ಮೊಲ ಮೂಗು ಮುಚ್ಚಿಕೊಂಡಿತ್ತು. ಕೆಳಗೆ: 'ಎಲ್ಲರೂ ಹಿತವಾಗಿ ಬಾಳೋಣ. ಗಾಳಿಯಾಡಿಸುವ ಫ್ಯಾನನ್ನು ಬಳಸೋಣ.' ಹೆಸರಿಲ್ಲ, ದೂರಿಲ್ಲ. ಜಪಾನಿನಲ್ಲಿ ಯಾರಿಗೆ ಏನೇ ಹೇಳಬೇಕಾದರೂ ಒಂದು ಮೊಲವನ್ನೋ ಕರಡಿಯನ್ನೋ ಮುಂದೆ ಬಿಡುತ್ತಾರೆ. ಮೊಲದ ಜತೆ ಜಗಳ ಆಡುವುದು ಹೇಗೆ?

ಸಸ್ಯಾಹಾರಿಗಳ ಪಾಡು ಹೇಳುವಂಥದ್ದಲ್ಲ. ಬುದ್ಧ ಬಂದ ದೇಶ, ದೇವಸ್ಥಾನದಲ್ಲಿ ಮಾಂಸ ಸೋಂಕದ ಅಡುಗೆ ಇದೆ ಎಂದೆಲ್ಲ ಓದಿಕೊಂಡು ಬಂದಿರುತ್ತಾರೆ. ಆ ಅಡುಗೆ ಇದೆ, ಅದನ್ನು ಬಡಿಸುವ ಊಟದ ಬೆಲೆಗೆ ವಾರದ ದಿನಸಿ ಬರುತ್ತದೆ. ಉಳಿದ ಕಡೆ ಸಾರಿನ ತಿಳಿಯೇ ಒಣಮೀನಿನದು. ಕ್ಯಾಂಟೀನಿನವರಿಗೆ 'ಮೀನು ಬೇಡ' ಎಂದರೆ ಮೇಲೆ ಕಾಣುವ ಮೀನನ್ನು ಅತ್ಯಂತ ಗೌರವದಿಂದ ಎತ್ತಿ ಪಕ್ಕಕ್ಕಿಟ್ಟು, ಅದೇ ಬಟ್ಟಲನ್ನು ಎರಡು ಕೈಯಲ್ಲಿ ಕೊಡುತ್ತಾರೆ. ಕಡೆಗೆ 'ಇಂಡಿಯನ್ ರೆಸ್ಟೋರೆಂಟ್' ಬೋರ್ಡು ಹುಡುಕಿಕೊಂಡು ಹೋದರೆ ಮಾಲೀಕರು, ಅಡುಗೆಯವರು, ಬಡಿಸುವವರು ಎಲ್ಲರೂ ಬಹುಪಾಲು ನೇಪಾಳದವರು. ತಟ್ಟೆ ಮೀರಿ ಜೋತುಬಿದ್ದ ಚೀಸ್ ನಾನ್ ತಂದಿಟ್ಟು 'ನಿಮ್ಮೂರಿನ ಊಟ' ಎನ್ನುತ್ತಾರೆ. ನಮ್ಮೂರಿನಲ್ಲಿ ಚೀಸ್ ನಾನ್ ಕಂಡವರಾರು? ಆದರೂ ನಾಲ್ಕು ಮಾತು ಹಿಂದಿಯಲ್ಲಿ ಆಡಿ, ಉಪ್ಪಿನಕಾಯಿ ಹೆಚ್ಚಿಗೆ ಹಾಕಿಸಿಕೊಂಡು ಬರುತ್ತೇವೆ. ಹಿಂದಿ ಹೇರಿಕೆಗೆ ವಿರೋಧ ಊರಿಗೆ ಹೋದ ಮೇಲೆ.

ಒಂದು ವಿಷಯದಲ್ಲಿ ಮಾತ್ರ ಜಪಾನ್ ನಮಗೆ ಸೋದರ ದೇಶ. 1980ರಲ್ಲಿ ಟೊಟೊ ಕಂಪನಿ ನೀರು ಚಿಮ್ಮುವ ಕಮೋಡು ತಂದು ಈ ನಾಡನ್ನು ಕಾಗದದಿಂದ ಬಿಡುಗಡೆ ಮಾಡಿತು. ಫ್ರಾನ್ಸಿನವರೂ ಅಮೆರಿಕದವರೂ ಅದರ ಗುಂಡಿಗಳ ಎದುರು ತಬ್ಬಿಬ್ಬಾಗಿ ನಿಂತಾಗ, ಚೊಂಬಿನ ಪರಂಪರೆಯ ನಾವು ಎದೆಯುಬ್ಬಿಸಿ ಒಳಗೆ ಹೋಗುತ್ತೇವೆ.

ಇಷ್ಟೆಲ್ಲ ಆದರೂ ಪಾಠ ಎಲ್ಲಿ ಎಂದು ಕೇಳುತ್ತೀರಿ. ಇದೆ. ವಿನಿಮಯ ವಿದ್ಯಾರ್ಥಿಗಳಿಗೆಂದೇ ಇಂಗ್ಲಿಷಿನಲ್ಲಿ ನಡೆಯುವ ತರಗತಿಗಳಿವೆ. ವಿನಿಮಯ ವಿದ್ಯಾರ್ಥಿಗಳಿಗೆಂದೇ ಹಾಸ್ಟೆಲ್ ಇದೆ. ವಿನಿಮಯ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಕಚೇರಿ ಇದೆ. ಹೀಗಾಗಿ ಜಪಾನಿಗೆ ಬಂದು ನಾನು ವಿಯೆಟ್ನಾಮಿನ ಮದುವೆ, ಇಟಲಿಯ ರಾಜಕೀಯ, ಜರ್ಮನಿಯ ಮೊಸರು ಎಲ್ಲವನ್ನೂ ಕಲಿತೆ. ಜಪಾನಿ ವಿದ್ಯಾರ್ಥಿಗಳನ್ನು ಕಾಣಬೇಕಾದರೆ ದೊಡ್ಡ ಸಭಾಂಗಣದ ಉಪನ್ಯಾಸಕ್ಕೆ ಹೋಗಬೇಕು. ಹಿಂದಿನ ಸಾಲುಗಳಲ್ಲಿ ಅವರು ನಿದ್ದೆ ಮಾಡುತ್ತಿರುತ್ತಾರೆ. ಆಲಸ್ಯ ಎನ್ನಬೇಡಿ. ಇಲ್ಲಿ ಕೂತಲ್ಲೇ ತೂಕಡಿಸುವುದು ದಣಿಯುವಷ್ಟು ದುಡಿದವರ ಲಕ್ಷಣ. ಮೂರನೇ ವರ್ಷ ಬಂತೆಂದರೆ ಎಲ್ಲರೂ ಒಂದೇ ಬಗೆಯ ಕರಿ ಸೂಟು ತೊಟ್ಟು ಕೆಲಸ ಬೇಟೆಗೆ ಹೊರಡುತ್ತಾರೆ. ಸಂದರ್ಶನದಲ್ಲಿ 'ನಿಮ್ಮ ವೈಶಿಷ್ಟ್ಯವೇನು?' ಎಂದು ಕೇಳುತ್ತಾರಂತೆ.

ಭಾಷೆಯ ಪರೀಕ್ಷೆಯೂ ವಿಚಿತ್ರ. 'ಕೊನ್ನಿಚಿವಾ' ಎಂದು ಒಂದು ಪದ ಉದುರಿಸಿ ನೋಡಿ, 'ಅಬ್ಬಾ, ನಿಮ್ಮ ಜಪಾನಿ ಎಷ್ಟು ಚೆನ್ನಾಗಿದೆ!' ಎಂದು ಅಂಗಡಿಯವರು ಚಪ್ಪಾಳೆ ತಟ್ಟುತ್ತಾರೆ. ಊಟದ ಕಡ್ಡಿ ಹಿಡಿದರೆ ಅದಕ್ಕೂ ಶಹಬ್ಬಾಸ್. ವರ್ಷವೆಲ್ಲ ಒದ್ದಾಡಿ, ಎನ್2 ಎಂಬ ಜಪಾನಿ ಭಾಷಾ ಪರೀಕ್ಷೆ ಪಾಸು ಮಾಡಿ, ವಿದ್ಯುತ್ ಬಿಲ್ಲಿನ ಬಗ್ಗೆ ಸರಿಯಾದ ವ್ಯಾಕರಣದಲ್ಲಿ ವಿಚಾರಿಸಿದರೆ ಹೊಗಳಿಕೆ ನಿಂತುಹೋಗುತ್ತದೆ. ಎದುರಿನವರು ಗಾಬರಿಯಾಗಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಅತಿಥಿ ಅತಿಥಿಯಾಗಿದ್ದರೆ ಚೆನ್ನ. ಅಡುಗೆಮನೆಗೆ ಬಂದು ಡಬ್ಬಿ ಮುಚ್ಚಳ ತೆಗೆಯಬಾರದು.

ಅತಿಥಿಯ ಮುಖ್ಯ ಕರ್ತವ್ಯ 'ಅಂತರರಾಷ್ಟ್ರೀಯ ಸ್ನೇಹ ದಿನ'ದಂದು ಹಾಜರಾಗುವುದು. ಅವತ್ತು ಪಂಚೆ ಉಟ್ಟು ನಿಲ್ಲಬೇಕು. ಬರುವ ಪ್ರಶ್ನೆಗಳು ಗೊತ್ತಿರುವವೇ. ಭಾರತೀಯರು ದಿನವೂ ಕರಿ ತಿನ್ನುತ್ತಾರೆಯೇ? 19ರ ಮಗ್ಗಿ ಎಲ್ಲರಿಗೂ ಬಾಯಿಗೆ ಬರುತ್ತದೆಯೇ? ಕುಣಿಯಲು ಬರುತ್ತದೆಯೇ? ಕೊನೆಯ ಪ್ರಶ್ನೆಗೆ ಕಾರಣ ರಜನಿಕಾಂತ್ ಮತ್ತು ರಾಜಮೌಳಿ. 'ಮುತ್ತು' 1998ರಲ್ಲಿ ಇಲ್ಲಿ ಬಿಡುಗಡೆಯಾಗಿ ಹುಚ್ಚೆಬ್ಬಿಸಿತು, 2022ರಲ್ಲಿ ಬಂದ 'ಆರ್‌ಆರ್‌ಆರ್' ಆ ದಾಖಲೆ ಮುರಿಯಿತು. 'ರಜನಿಕಾಂತ್ ನಮ್ಮ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು' ಎಂದು ನಾನು ಘೋಷಿಸಿದಾಗ ಸಭೆಯಲ್ಲಿ ಗೌರವದ ಉದ್ಗಾರ ಎದ್ದಿತು. ನಮ್ಮ ಸಾರಿಗೆ ಸಂಸ್ಥೆಗೆ ಇಷ್ಟು ದೊಡ್ಡ ಮರ್ಯಾದೆ ಕ್ಯೋಟೋದಲ್ಲಿ ಮಾತ್ರ ಸಿಕ್ಕಿದ್ದು. ಮರುದಿನ ಬೆಳಗ್ಗೆ ರೈಲಿನಲ್ಲಿ, ನಿಲ್ಲಲು ಜಾಗವಿಲ್ಲದಷ್ಟು ಜನ. ನನ್ನ ಪಕ್ಕದ ಒಂದು ಸೀಟು ಮಾತ್ರ ಐದು ನಿಲ್ದಾಣ ಖಾಲಿ. ಪಂಚೆ ಉಟ್ಟಿರಲಿಲ್ಲವಲ್ಲ.

ರೈಲಿನ ಬಗ್ಗೆ ಸುಳ್ಳು ಹೇಳಬಾರದು. ಆ ಫಾರ್ವರ್ಡು ನಿಜ. 2017ರ ನವೆಂಬರಿನಲ್ಲಿ ಸುಕುಬಾ ಎಕ್ಸ್‌ಪ್ರೆಸ್‌ನವರು 20 ಸೆಕೆಂಡು ಮೊದಲು ಹೊರಟಿದ್ದಕ್ಕೆ ಕ್ಷಮೆ ಕೇಳಿದ್ದು ಹೌದು. ಐದು ನಿಮಿಷ ತಡವಾದರೂ ಸಾಕು, ಕಾಲೇಜಿಗೆ ತೋರಿಸಲು ವಿಳಂಬದ ಪ್ರಮಾಣಪತ್ರ ಕೊಡುತ್ತಾರೆ. ನಿಲ್ದಾಣದಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ. 1995ರ ಸಾರಿನ್ ವಿಷಾನಿಲ ದಾಳಿಯ ಮೇಲೆ ಎಷ್ಟೋ ಕಡೆ ತೆಗೆಸಿದರು. ಜನ ಕಸವನ್ನು ಬ್ಯಾಗಿನಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ಇದೂ ನಿಜ. ಫಾರ್ವರ್ಡಿನಲ್ಲಿ ಇಲ್ಲದಿರುವುದು ಈ ಗಡಿಯಾರವನ್ನು ತಿರುಗಿಸುತ್ತಿರುವ ಕೈಗಳು ಯಾರವು ಎಂಬುದು.

ಅದು ತಿಳಿಯಬೇಕಾದರೆ ರಾತ್ರಿ ಎರಡು ಗಂಟೆಗೆ ಯಾವುದಾದರೂ ಕೊಂಬಿನಿಗೆ ಹೋಗಿ. ಕೊಂಬಿನಿ ಎಂದರೆ ಇಪ್ಪತ್ನಾಲ್ಕು ಗಂಟೆಯ ಅಂಗಡಿ. ಅನ್ನದುಂಡೆಯಿಂದ ವಿದ್ಯುತ್ ಬಿಲ್ಲಿನವರೆಗೆ, ಕೊರಿಯರಿನಿಂದ ಒಳಚಡ್ಡಿಯವರೆಗೆ ಎಲ್ಲವೂ ಅಲ್ಲೇ. ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ಹುಡುಗ ನೇಪಾಳದವನು. ಎದೆಯ ಮೇಲಿನ ಫಲಕದಲ್ಲಿ ಅವನ ಹೆಸರನ್ನೂ ಯಾರೋ ಕತ್ತರಿಸಿ ಮೂರಕ್ಷರ ಮಾಡಿದ್ದಾರೆ. 'ಬಿಸಿ ಮಾಡಲೇ? ಚೀಲ ಬೇಕೇ? ಪಾಯಿಂಟ್ ಕಾರ್ಡ್ ಇದೆಯೇ?' ಎಂದು ರಾಜದರ್ಬಾರಿನ ಜಪಾನಿಯಲ್ಲಿ ಕೇಳುತ್ತಾನೆ. ಕುಡಿದು ತೂರಾಡುವ ಗಿರಾಕಿ ಬೆರಳು ತೋರಿಸಿ ಸಿಗರೇಟಿನ ನಂಬರ್ ಗೊಣಗುತ್ತಾನೆ. ನೂರಾರು ಪೊಟ್ಟಣಗಳ ಗೋಡೆಯಿಂದ ಸರಿಯಾದದ್ದನ್ನು ತೆಗೆದುಕೊಟ್ಟು, ಹುಡುಗ ಸೊಂಟ ಬಗ್ಗಿಸುತ್ತಾನೆ. ಬೆಳಗ್ಗೆ ಒಂಬತ್ತಕ್ಕೆ ಅವನಿಗೆ ಭಾಷಾ ಶಾಲೆಯಲ್ಲಿ ತರಗತಿ. ಅಲ್ಲಿ ಅವನು ಮಲಗುತ್ತಾನೆ. ಅವನದ್ದನ್ನು ಮಾತ್ರ ಆಲಸ್ಯ ಎಂದು ಹಾಜರಿ ಪುಸ್ತಕದಲ್ಲಿ ಬರೆಯುತ್ತಾರೆ.

ವಿದ್ಯಾರ್ಥಿ ವೀಸಾದಲ್ಲಿ ಬಂದವನು ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು, ದೊಡ್ಡ ರಜೆಯಲ್ಲಿ ದಿನಕ್ಕೆ 8 ಗಂಟೆ. 2024ರ ಅಕ್ಟೋಬರಿನಲ್ಲಿ ಟೋಕಿಯೋದ ಕನಿಷ್ಠ ಕೂಲಿ ಗಂಟೆಗೆ 1,163 ಯೆನ್ ಆಯಿತು. ರಾತ್ರಿ ಹತ್ತರ ಮೇಲೆ ಕಾಲುಪಾಲು ಹೆಚ್ಚು. ಅದಕ್ಕೇ ಓದುವವರೆಲ್ಲ ರಾತ್ರಿ ಎಚ್ಚರವಿರುವುದು. ನನ್ನಂಥ ವಿನಿಮಯ ವಿದ್ಯಾರ್ಥಿಗೆ ಒಂದು ಸರ್ಕಾರಿ ವಿದ್ಯಾರ್ಥಿವೇತನ ಸಿಕ್ಕರೆ ತಿಂಗಳಿಗೆ 80,000 ಯೆನ್ ಬರುತ್ತದೆ, ಹಾಗಾಗಿ ವ್ಯಂಗ್ಯ ಬರೆಯಲು ಪುರಸೊತ್ತು. ಊರಿನಲ್ಲಿ ಹೊಲ ಅಡವಿಟ್ಟು ದಲ್ಲಾಳಿಗೆ ಸುರಿದು ಬಂದವನಿಗೆ ಆ 28 ಗಂಟೆಯೇ ವಿದ್ಯೆ. 29ನೇ ಗಂಟೆ ದುಡಿದದ್ದು ಗೊತ್ತಾದರೆ ವೀಸಾ ನವೀಕರಣಕ್ಕೆ ಕಲ್ಲು.

ಸರ್ಕಾರದ ಲೆಕ್ಕವೂ ಪಾರದರ್ಶಕ ಚೀಲದಲ್ಲೇ ಇದೆ. 2008ರಲ್ಲಿ 3 ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ಕರೆಸುವ ಗುರಿ ಹಾಕಿದರು, 2019ರಲ್ಲಿ ಮುಟ್ಟಿದರು. ಕೊರೊನಾ ಬಂದಾಗ ಹೆಚ್ಚುಕಡಿಮೆ ಎರಡು ವರ್ಷ ಬಾಗಿಲು ಹಾಕಿ, ಪ್ರವೇಶ ಸಿಕ್ಕ ಸಾವಿರಾರು ಮಂದಿಯನ್ನು ಅವರವರ ಊರಿನಲ್ಲೇ ಪರದೆಯ ಮುಂದೆ ಕೂರಿಸಿದರು. ಬಾಗಿಲು ತೆರೆದ ಮೇಲೆ, 2033ರೊಳಗೆ 4 ಲಕ್ಷ ಎಂದರು. 2024ರ ಮೇ ಹೊತ್ತಿಗೆ ಸಂಖ್ಯೆ 3 ಲಕ್ಷ 36 ಸಾವಿರ ದಾಟಿತ್ತು. ಮೊದಲು ಚೀನಾ, ಎರಡನೆಯದು ನೇಪಾಳ. ಅದೇ 2024ರಲ್ಲಿ ಇಡೀ ಜಪಾನಿನಲ್ಲಿ ಹುಟ್ಟಿದ ಜಪಾನಿ ಮಕ್ಕಳು ಸುಮಾರು 6 ಲಕ್ಷ 86 ಸಾವಿರ. ಏಳು ಲಕ್ಷಕ್ಕಿಂತ ಕೆಳಗಿಳಿದದ್ದು ಲೆಕ್ಕ ಇಡಲು ಶುರುಮಾಡಿದ ಮೇಲೆ ಅದೇ ಮೊದಲು. ತೊಟ್ಟಿಲು ಖಾಲಿ, ಗಲ್ಲಾ ಖಾಲಿ, ವೃದ್ಧಾಶ್ರಮದ ಕಾವಲುಗಾರನ ಕುರ್ಚಿ ಖಾಲಿ. 'ಜ್ಞಾನಾರ್ಜನೆಗೆ ಬನ್ನಿ' ಎಂಬ ಕರೆಯ ಹಿಂದೆ ಈ ಖಾಲಿ ಕುರ್ಚಿಗಳಿವೆ. ಬಂದವರನ್ನು ಕಂಡು 2025ರ ಜುಲೈಯ ಮೇಲ್ಮನೆ ಚುನಾವಣೆಯಲ್ಲಿ 'ಜಪಾನಿಯರೇ ಮೊದಲು' ಎಂದು ಕೂಗಿದ ಸಾನ್‌ಸೇತೊ ಪಕ್ಷ 14 ಸ್ಥಾನ ಗೆದ್ದಿತು. ಆ ರಾತ್ರಿ ವಿಜಯೋತ್ಸವದ ಬಿಯರ್ ಯಾವ ಕೊಂಬಿನಿಯಿಂದ ಬಂತು, ಬಿಲ್ ಹಾಕಿದವರು ಯಾರು ಎಂದು ಯಾವ ಟಿವಿಯೂ ಹೇಳಲಿಲ್ಲ. ಮರುತಿಂಗಳೇ ಭಾರತ ಮತ್ತು ಜಪಾನ್ ಐದು ವರ್ಷದಲ್ಲಿ 5 ಲಕ್ಷ ಮಂದಿಯ ವಿನಿಮಯಕ್ಕೆ ಕೈ ಕುಲುಕಿದವು. ಅದರಲ್ಲಿ 50,000 ಮಂದಿ ಭಾರತದಿಂದ ಹೋಗಬೇಕಾದ ಕುಶಲಿಗಳು.

ಇಷ್ಟು ಓದಿ 'ಈ ಜಪಾನಿಗಳು ಹೀಗಾ!' ಎಂದು ಯಾರಾದರೂ ಮೂಗು ಮುರಿದರೆ, ಸ್ವಲ್ಪ ತಡೆಯಿರಿ. ಜಪಾನಿನ ದಲ್ಲಾಳಿ ಮನೆ ಇಲ್ಲವೆನ್ನಲು ಎರಡು ನಿಮಿಷ ತಲೆ ಬಾಗಿಸುತ್ತಾನೆ. ಬೆಂಗಳೂರಿನಲ್ಲಿ ನಾವು ಆ ಎರಡು ನಿಮಿಷ ಹಾಳು ಮಾಡುವುದಿಲ್ಲ. 'ಟು ಲೆಟ್' ಬೋರ್ಡಿನಲ್ಲೇ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬರೆಸಿರುತ್ತೇವೆ. ಬೋರ್ಡು ದಾಟಿ ಬಂದವರನ್ನು ಗೇಟಿನಲ್ಲೇ 'ಯಾವ ಜನ ನೀವು?' ಎಂದು ಕೇಳುತ್ತೇವೆ. ಮಣಿಪುರದ ಹುಡುಗಿಯನ್ನು ಚೀನಾದವಳಾ ಎನ್ನುತ್ತೇವೆ, ಆಫ್ರಿಕಾದ ಹುಡುಗನಿಗೆ ಗೇಟನ್ನೇ ತೆರೆಯುವುದಿಲ್ಲ. ಜಪಾನಿನ ರೈಲಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯಿತೆಂದು ನಾನು ದೂರು ಬರೆದೆ. 2016ರ ಜನವರಿಯಲ್ಲಿ ಹೆಸರಘಟ್ಟದ ಬಳಿ ಯಾರೋ ಸುಡಾನಿನವನು ಮಾಡಿದ ಅಪಘಾತಕ್ಕೆ, ಅದೇ ದಾರಿಯಲ್ಲಿ ಆಮೇಲೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿ ಕಾರಿಗೆ ಬೆಂಕಿ ಇಟ್ಟಿತು. ಅವಳೂ ಪರದೇಶದಿಂದ ಓದಲು ಬಂದವಳೇ. ಅವಳ ಊರಿನ ಫ್ಯಾಮಿಲಿ ಗ್ರೂಪಿಗೆ ನಮ್ಮ ಬಗ್ಗೆ ಯಾವ ವಿಡಿಯೋ ಹೋಗಿದ್ದೀತು?

ಮಕ್ಕಳನ್ನು ಜಪಾನಿಗೆ ಧಾರಾಳವಾಗಿ ಕಳಿಸಿ. ಹೊಲ ಮಾರಿ ದಲ್ಲಾಳಿಗೆ ಕೊಡುವ ಮೊದಲು, ಜಪಾನ್ ರಾಯಭಾರ ಕಚೇರಿಯ ಮೂಲಕ ಪ್ರತಿ ವರ್ಷ ಕರೆಯುವ ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. ಪಾಸ್‌ಪೋರ್ಟಿನಲ್ಲಿ ಹೆಸರು ಚಿಕ್ಕದಾಗಿರಲಿ. ಜತೆಗೆ ಇನ್ನೊಂದು ಉಪಕಾರ ಮಾಡಿ. ನಿಮ್ಮ ಮೇಲಿನ ಮನೆ ಖಾಲಿ ಇದ್ದರೆ ತಿಳಿಸಿ, ಪರದೇಶದಿಂದ ಬೆಂಗಳೂರಿಗೆ ಓದಲು ಬಂದಿರುವ ಹುಡುಗನೊಬ್ಬನಿಗೆ ಬೇಕಾಗಿದೆ. ಒಂದನೇ ತಾರೀಕಿಗೇ ಬಾಡಿಗೆ ಕೊಡುತ್ತಾನೆ. ಮೀನು ತಿನ್ನುತ್ತಾನೆ.